ಕತ್ತಲ ನಡುಮನೆಗೆ ಬೆಳಕು ತರುವುದು

ವಿಜಯಪುರ, ಬಾಗಲಕೋಟೆ ಕಡೆಯ ಹಳೆಯ ಮಾಳಿಗೆ (ಮಣ್ಣು ಹೊದಿಸಿದ ಚಪ್ಪಟೆ ಚಾವಣಿ) ಮನೆಗಳ ನಡುಮನೆಯಲ್ಲಿ ನಡುಹಗಲಲ್ಲೂ ಲೈಟ್ ಹಚ್ಚಿಯೇ ಜೋಳ ಹಸನು ಮಾಡಬೇಕು. ಹಾಗಂತ ಕಟ್ಟಿದವರು ದಡ್ಡರಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲನ್ನು ಹೊರಗಿಡಲೆಂದೇ ಎರಡಡಿ ದಪ್ಪದ ಗೋಡೆ, ಸಣ್ಣ ಕಿಟಕಿ ಇಟ್ಟರು. ಸಿಕ್ಕಲ್ಲಿ ಗೋಡೆ ಒಡೆಸಿ ಗಾಜು ಕೂರಿಸಿದರೆ ಬೆಳಕಿನ ಬೆನ್ನಿಗೇ ಝಳವೂ ಒಳಗೆ ಬರುತ್ತದೆ. ನಮಗೆ ಬೇಕಾದದ್ದು ಆಕಾಶದ ಬೆಳಕು, ಬಿಸಿಲಲ್ಲ.

ಗೌಂಡಿಯನ್ನು ಕರೆಯುವ ಮೊದಲು ಒಂದು ಕೆಲಸ ಮಾಡಿರಿ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಲೈಟ್ ಆರಿಸಿ, ದಿನವೂ ಕೂರುವ ಜಾಗದಲ್ಲೇ ಕುಳಿತು ಕಿಟಕಿಯತ್ತ ನೋಡಿರಿ. ಅಂಗೈಯಷ್ಟಾದರೂ ಆಕಾಶ ಕಾಣುತ್ತಿದ್ದರೆ ಆ ಜಾಗವನ್ನು ಸಣ್ಣ ಖರ್ಚಿನಲ್ಲೇ ಸುಧಾರಿಸಬಹುದು. ಸೊಳ್ಳೆ ಜಾಳಿಗೆಯ ಧೂಳು, ಅಡುಗೆಮನೆ ಗಾಜಿನ ಜಿಡ್ಡು ತೊಳೆದರೇ ಅರ್ಧ ಕೆಲಸ ಆದಂತೆ. ಪರದೆಯ ಸರಳು ಕಿಟಕಿಗಿಂತ ಎರಡೂ ಕಡೆ ಅರ್ಧ ಅಡಿ ಉದ್ದ ಇರಲಿ. ಸರಿಸಿದ ಪರದೆ ಗಾಜಿನ ಮೇಲಲ್ಲ, ಗೋಡೆಯ ಮೇಲೆ ನಿಲ್ಲಬೇಕು. ಆಕಾಶ ಕಾಣದೆ ಪಕ್ಕದವರ ಗೋಡೆಯೇ ಕಂಡರೆ, ಅವರನ್ನು ಕೇಳಿ ಆ ಗೋಡೆಗೆ ನಿಮ್ಮ ಖರ್ಚಿನಲ್ಲೇ ಸುಣ್ಣ ಹೊಡೆಸಿರಿ. ಬಿಸಿಲು ಬೀಳುವ ಬಿಳಿ ಗೋಡೆ ಎದುರಿಗಿದ್ದರೆ ಉತ್ತರದ ಕಿಟಕಿಯೂ ಬೆಳಗುತ್ತದೆ.

ಒಳಗೂ ಸುಣ್ಣವೇ ಸರಿ. ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಒಳಗಿನ ತೇವ ಹೊರಬರಲಾರದೆ ಗುಳ್ಳೆ ಎದ್ದು ಹಕ್ಕಳೆ ಬೀಳುತ್ತದೆ. ಸುಡದ ಹರಳಿಗಿಂತ ಚೆನ್ನಾಗಿ ಸುಟ್ಟ, ಹಗುರ ಸುಣ್ಣದ ಹರಳನ್ನೇ ಆರಿಸಿ ತಂದು, ಕಬ್ಬಿಣದ ಡ್ರಮ್ಮಿನ ನೀರಿಗೆ ಸ್ವಲ್ಪ ಸ್ವಲ್ಪ ಹಾಕಿರಿ. ಪ್ಲಾಸ್ಟಿಕ್ ಬಕೆಟ್ ಬೇಡ, ಕುದಿಯುವ ಸುಣ್ಣಕ್ಕೆ ಕರಗುತ್ತದೆ. ಕಣ್ಣಿಗೆ ಸಿಡಿಯದಂತೆಯೂ ದೂರ ನಿಲ್ಲಿರಿ. ಒಂದು ಕಿಲೋ ಹರಳಿಗೆ ಒಟ್ಟು 5 ಲೀಟರ್ ನೀರು ಲೆಕ್ಕ. ಒಂದು ದಿನ ಬಿಟ್ಟು ದಪ್ಪ ಬಟ್ಟೆಯಲ್ಲಿ ಸೋಸಿ, 10 ಲೀಟರಿಗೆ 40 ಗ್ರಾಂ ಅಂಟನ್ನು ಬಿಸಿನೀರಲ್ಲಿ ಕರಗಿಸಿ ಸೇರಿಸಿರಿ. ಅಂಟಿಲ್ಲದ ಸುಣ್ಣ ಬೆನ್ನು ತಾಗಿದರೆ ಅಂಗಿಗೆ ಬರುತ್ತದೆ. ನೀಲಿ ಕಿಲೋ ಹರಳಿಗೆ 3 ಗ್ರಾಂ ಸಾಕು. ಹೆಚ್ಚಾದರೆ ಗೋಡೆ ಮಂಕಾಗುತ್ತದೆ. ತೆಳ್ಳಗೆ ಮೂರು ಕೈ ಬಳಿಯಿರಿ, ಒಂದೇ ದಪ್ಪ ಕೈ ಬಿರಿಯುತ್ತದೆ. ಎಣ್ಣೆ ಪೇಂಟ್ ಇದ್ದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಕೆರೆದು ತೆಗೆಯಲೇಬೇಕು. ಗೋಡೆಯಷ್ಟೇ ಅಲ್ಲ, ತಲೆಯ ಮೇಲಿನ ಹಲಗೆ ಮತ್ತು ಕಿಟಕಿಯ ಒಳಮಗ್ಗುಲೂ ಬೆಳ್ಳಗಿರಲಿ. ಕೆಳಗೆ ಫರಸಿ (ಹಾಸುಗಲ್ಲು) ಹೇಗೂ ಕಪ್ಪು, ಕಿಟಕಿಯ ಮುಂದೆ ಒಂದು ತಿಳಿಬಣ್ಣದ ಚಾಪೆ ಹಾಸಿದರಾಯಿತು.

ಕಿಟಕಿಯ ಲೆಕ್ಕಕ್ಕೆ ಬಂದರೆ, ಒಣ ಬಿಸಿಲಿನ ಸೀಮೆಗೆ ನೆಲದ ಹತ್ತನೇ ಒಂದು ಭಾಗ ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 10ಕ್ಕೆ 12 ಅಡಿ ಕೋಣೆಗೆ 12 ಚದರಡಿ. ಆದರೆ ಅಗಲಕ್ಕಿಂತ ಎತ್ತರ ಮುಖ್ಯ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರವೋ ಅದರ ಸುಮಾರು ಎರಡು ಪಟ್ಟು ಒಳಗಿನವರೆಗೆ ಬೆಳಕು ಚೆನ್ನಾಗಿ ಸಾಗುತ್ತದೆ. ಸೊಂಟದೆತ್ತರದ ಅಗಲ ಕಿಟಕಿಗಿಂತ ಬಾಗಿಲ ಮೇಲಿನ ಸಣ್ಣ ವೆಂಟಿಲೇಟರ್ ಹಿಂದಿನ ಗೋಡೆಯನ್ನು ಹೆಚ್ಚು ಬೆಳಗಿಸುವುದು ಇದಕ್ಕೇ.

ದಪ್ಪ ಗೋಡೆಯಲ್ಲಿ ಕಿಟಕಿಯ ಹೊರಗಿನ ಅಳತೆ ಹಾಗೇ ಬಿಟ್ಟು, ಒಳಮಗ್ಗುಲನ್ನು ಎರಡೂ ಕಡೆ ಎಂಟು ಇಂಚು ಓರೆಯಾಗಿ ಕೊರೆಸಬಹುದು. ಬಿಸಿಲು ಹೆಚ್ಚುವುದಿಲ್ಲ, ಬೆಳಕು ಮಾತ್ರ ಕೋಣೆಯ ಮೂಲೆಗೂ ಹರಡುತ್ತದೆ. ಇಲ್ಲೇ ಗೌಂಡಿಗಳು ಅವಸರ ಮಾಡುತ್ತಾರೆ. ಕಲ್ಲಿನ ಗೋಡೆಗೆ ಎರಡು ಮುಖ, ನಡುವೆ ಮಣ್ಣು, ಕಲ್ಲುಚೂರು. ಒಳಮುಖ ಬಿಚ್ಚಿದೊಡನೆ ಅದೆಲ್ಲ ಜಾರುತ್ತದೆ. ಮೊದಲು ಆಸರೆ ಕಟ್ಟಿ, ಹೊಸ ಅಗಲದ ಆಚೆ ಈಚೆ ಕನಿಷ್ಠ ಅರ್ಧ ಅಡಿ ಕೂರುವ ಲಿಂಟಲ್ (ಮೇಲಿನ ಭಾರ ಹೊರುವ ಅಡ್ಡಪಟ್ಟಿ) ಹಾಕಿದ ಮೇಲೆ ಕೊರೆಯಬೇಕು. ಮೇಲೆ ತೊಲೆ ಕೂತಿದ್ದರೆ ಆ ಕಿಟಕಿಯ ತಂಟೆಗೇ ಹೋಗಬೇಡಿರಿ.

ದಕ್ಷಿಣದ ಕಿಟಕಿಗೆ ಎರಡಡಿ ಛಜ್ಜಾ ಸಾಕು. ಡಿಸೆಂಬರ್ ಕೊನೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತಾನೆ, ನೆರಳು ಎರಡೂವರೆ ಅಡಿಯೊಳಗೇ ನಿಂತು ಕೆಳಗಿನಿಂದ ಹಿತವಾದ ಬಿಸಿಲು ಬರುತ್ತದೆ. ಮಾರ್ಚ್ ಕೊನೆಗೆ 73 ಡಿಗ್ರಿ ದಾಟುತ್ತಾನೆ, ಆರಡಿ ಕೆಳಗಿನವರೆಗೂ ನೆರಳೇ. ಪಶ್ಚಿಮದ ಇಳಿಬಿಸಿಲನ್ನು ಮಾತ್ರ ಯಾವ ಛಜ್ಜಾವೂ ತಡೆಯದು. ಅಲ್ಲಿ ಹೊರಗಿನಿಂದಲೇ ತಟ್ಟಿ ಕಟ್ಟಬೇಕು.

ಕಿಟಕಿಯೇ ಇಲ್ಲದ ನಡುಮನೆಗೆ ಉಳಿದ ದಾರಿ ಬೆಳಕಿಂಡಿ. ಮಾಳಿಗೆಯ ಮೇಲೆ ಗಾಜನ್ನು ಮಲಗಿಸಿ ಕೂರಿಸುವುದು ಎಲ್ಲರೂ ಮಾಡುವ ತಪ್ಪು. ಮೇ ತಿಂಗಳಲ್ಲಿ ಸೂರ್ಯ ನೆತ್ತಿಯ ಮೇಲೇ ಬಂದು ಕೆಳಗಿದ್ದವರನ್ನು ಬೇಯಿಸುತ್ತಾನೆ. ಬದಲಿಗೆ ಎರಡು ಜಂತಿಗಳ ನಡುವಿನ ಸಂದಿಯಷ್ಟೇ ಅಗಲದ, ಎರಡಡಿ ಉದ್ದದ ಕಿಂಡಿ ಬಿಡಿಸಿ (ಜಂತಿ ಕತ್ತರಿಸಬಾರದು), ಸುತ್ತ ಇಟ್ಟಿಗೆ ಕಟ್ಟಿಸಿರಿ: ದಕ್ಷಿಣಕ್ಕೆ ಒಂದಡಿ, ಉತ್ತರಕ್ಕೆ ಒಂದೂವರೆ ಅಡಿ. ಮೇಲೆ ದಕ್ಷಿಣಕ್ಕೆ ಇಳಿಜಾರಾಗಿ ಫರಸಿ, ಮೂರು ಇಂಚು ಹೊರಚಾಚಿರಲಿ. ಉತ್ತರದ ಮುಖದಲ್ಲಿ ತೆರಪು ಬಿಟ್ಟು 6 ಮಿಲಿಮೀಟರಿನ ಟಫನ್ಡ್ ಗಾಜು ನಿಲ್ಲಿಸಿ, ಮಂಗಗಳಿಗಾಗಿ ಹೊರಗೆ ಕಬ್ಬಿಣದ ಜಾಳಿಗೆ. ಕಿಂಡಿಯ ಒಳಗೋಡೆಗೆ ಸುಣ್ಣ. ಸೋರುವುದು ಗಾಜಲ್ಲ, ಕಟ್ಟೆ ಮಾಳಿಗೆಗೆ ಕೂಡುವ ಮೂಲೆ. ಅಲ್ಲಿನ ಮಣ್ಣನ್ನು ಅರ್ಧ ಅಡಿ ಸರಿಸಿ ಸುಣ್ಣದ ಗಚ್ಚನ್ನು ದುಂಡಗೆ ತುಂಬಿಸಿ, ರೋಹಿಣಿ ಮಳೆಗೆ ಮೊದಲೇ ನಾಲ್ಕು ಕೊಡ ನೀರು ಸುರಿದು ನೋಡಿರಿ. ಆರ್‌ಸಿಸಿ ಸ್ಲ್ಯಾಬಿಗೆ ಈ ಉಪಾಯ ಬೇಡ. ಒಳಗಿನ ಸರಳು ತುಂಡಾದರೆ ಸ್ಲ್ಯಾಬೇ ಸೋಲುತ್ತದೆ, ಎಂಜಿನಿಯರ್ ಹೇಳದೆ ಮುಟ್ಟಬಾರದು.

ಪತ್ರಾಸಿನ ಮನೆಗೆ ಸುಲಭ: ಉತ್ತರದ ಇಳಿಜಾರಿನಲ್ಲಿ ಒಂದು ತಗಡು ತೆಗೆದು ಅದೇ ಅಲೆಯ ಪಾಲಿಕಾರ್ಬೊನೇಟ್ ಶೀಟ್ ಹಾಕಿರಿ. ಅಗ್ಗದ ಫೈಬರ್ ಬಿಸಿಲಿಗೆ ಬೇಗ ಹಳದಿಯಾಗುತ್ತದೆ. ಬಿಸಿಲು ತಡೆಯುವ ಲೇಪದ ಮಗ್ಗುಲು ಮೇಲಿರಲಿ, ಅದರ ಅಂಟುಹಾಳೆಯಲ್ಲೇ ಬರೆದಿರುತ್ತದೆ. ತೂತು ಬೋಲ್ಟಿಗಿಂತ ತುಸು ದೊಡ್ಡದಿರಲಿ, ಕಾವಿಗೆ ಹಿಗ್ಗಲು ಎಡೆಯಿಲ್ಲದಿದ್ದರೆ ಶೀಟ್ ಬೋಲ್ಟಿನ ಬಳಿಯೇ ಸೀಳುತ್ತದೆ. ತೊಳೆಯಲು ಹತ್ತುವವರು ಅದರ ಮೇಲೆ ಕಾಲಿಡಬಾರದು, ಮುರಿದು ಕೆಳಗೆ ಬೀಳುತ್ತಾರೆ. ಕೆಳಗಿನ ಪೈಪುಗಳ ಮೇಲೆ ಭಾರ ಬೀಳುವಂತೆ ಅಡ್ಡ ಹಲಗೆ ಹಾಕಿಕೊಂಡೇ ಹೋಗಬೇಕು.