ವೀಸಾಕ್ಕೆ ಹಿಡಿದದ್ದು ಹತ್ತು ದಿನ, ಫೈಲಿಗೆ ಹಿಡಿದದ್ದು ಒಂದು ತಿಂಗಳು

ದುಬೈಗೆ ಬಂದು ಹನ್ನೊಂದು ವರ್ಷ ಆಯ್ತು. ಒಮ್ಮೆ ಜಾರ್ಜಿಯಾಕ್ಕೆ ಹೋದದ್ದು ಬಿಟ್ಟರೆ ಅಷ್ಟೂ ವರ್ಷ ರಜೆ ಅಂದರೆ ಮಂಗಳೂರು ವಿಮಾನ, ಅಲ್ಲಿಂದ ಕುಂದಾಪುರ, ವಾಪಸ್ ಬರುವಾಗ ಕುಚ್ಚಲಕ್ಕಿ ಮತ್ತು ಉಪ್ಪಿನಕಾಯಿ. 2025ರಲ್ಲಿ ಮಾತ್ರ ಹೆಂಡತಿ ಪಟ್ಟು ಹಿಡಿದಳು. "ರೀ, ಈ ಸಲ ಊರಲ್ಲ, ಹಿಮ ಇರೋ ಬೆಟ್ಟ." ಬಕ್ರೀದ್ ಜೂನ್ ಮೊದಲ ವಾರ ಬರುವ ಅಂದಾಜಿತ್ತು. ಹಬ್ಬದ ರಜೆಯ ಬೆನ್ನಿಗೆ ನಾಲ್ಕು ದಿನ ಲೀವ್ ಸೇರಿಸಿದರೆ ಎಂಟು ದಿನ ಕೈಗೆ ಸಿಗುತ್ತಿತ್ತು. ಮಾತು ಶುರುವಾದದ್ದು ಏಪ್ರಿಲ್ 7ಕ್ಕೆ. ಹಾರಬೇಕಾದದ್ದು ಜೂನ್ 4ರ ರಾತ್ರಿ. ಎರಡು ತಿಂಗಳಿಗೂ ಕಡಿಮೆ.

ಹಿಮದ ಬೆಟ್ಟ ಅಂದರೆ ನಮಗೆ ಯುರೋಪ್. ಅದಕ್ಕೆ ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಇಷ್ಟು ದಿನ ಅದಕ್ಕೆ ಸಾಕಾಗುತ್ತದಾ ಅಂತ ಆಫೀಸಿನಲ್ಲಿ ಕೇಳಿದೆ. ಒಬ್ಬ "ಷೆಂಗೆನ್ ವೀಸಾ ಮೂರು ದಿನದಲ್ಲಿ ಬರುತ್ತೆ" ಅಂದ. ಇನ್ನೊಬ್ಬ "ಮೂರು ತಿಂಗಳು ಬೇಕು" ಅಂದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅರ್ಜಿ ಕೈಗೆ ಬಂದ ಮೇಲೆ ದೂತಾವಾಸಕ್ಕೆ ನಿಯಮದ ಪ್ರಕಾರ 15 ದಿನ ಇರುತ್ತದೆ. ಏನಾದರೂ ಅನುಮಾನ ಬಂದರೆ 45 ದಿನದವರೆಗೆ ಎಳೆಯಬಹುದು. ಆದರೆ ಅರ್ಜಿ ಅವರ ಕೈಗೆ ತಲುಪುವ ಮೊದಲು ಹೋಗುವ ದಿನಗಳನ್ನು ಯಾರೂ ಎಣಿಸುವುದಿಲ್ಲ. ನನ್ನ ಸಮಯವೆಲ್ಲ ಹೋದದ್ದು ಅಲ್ಲೇ.

ಮೊದಲ ತಡೆ ನನ್ನ ಜೇಬಿನಲ್ಲೇ ಇತ್ತು. ಎಮಿರೇಟ್ಸ್ ಐಡಿ, ಅಂದರೆ ಇಲ್ಲಿನ ರೆಸಿಡೆನ್ಸ್ (ವಾಸದ ಪರವಾನಗಿ) ಜೊತೆ ಕೊಡುವ ಗುರುತಿನ ಚೀಟಿ, ತಿರುಗಿಸಿ ನೋಡಿದರೆ ಜುಲೈ 9ಕ್ಕೆ ಅವಧಿ ಮುಗಿಯುತ್ತಿತ್ತು. ಇಲ್ಲಿಂದ ಷೆಂಗೆನ್‌ಗೆ ಅರ್ಜಿ ಹಾಕುವವರ ರೆಸಿಡೆನ್ಸ್, ವಾಪಸ್ ಬರುವ ದಿನದಿಂದ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿ ಇರಬೇಕು. ನಾವು ಜೂನ್ 12ಕ್ಕೆ ವಾಪಸ್. ಅಂದರೆ ಸೆಪ್ಟೆಂಬರ್ 12 ದಾಟಬೇಕು. ದೂತಾವಾಸದವರ ದೃಷ್ಟಿಯಲ್ಲಿ ಇದು ಸರಿಯೇ. ತಿರುಗಿ ಬರಲು ಈ ಮನುಷ್ಯನಿಗೆ ಒಂದು ಜಾಗ ಇದೆಯಾ ಅನ್ನುವುದೇ ಅವರ ದೊಡ್ಡ ಪ್ರಶ್ನೆ.

ಕಂಪನಿಯ ಪಿಆರ್‌ಒ, ಅಂದರೆ ನೌಕರರ ಸರ್ಕಾರಿ ಕಾಗದಪತ್ರ ಮಾಡಿಸುವವರ ಹತ್ತಿರ ಹೋದೆ. ಗಲ್ಫಿನಲ್ಲಿ ಇರುವವರಿಗೆ ಈ ಪಿಆರ್‌ಒ ಅನ್ನುವವರ ಮಹತ್ವ ಬಿಡಿಸಿ ಹೇಳಬೇಕಿಲ್ಲ. ಮಲಯಾಳಿ ಹಿರಿಯರು, ಸರ್ಕಾರಿ ಕೌಂಟರುಗಳ ನಡುವೆಯೇ ಕೂದಲು ನರೆತವರು. "ಜುಲೈಗೆ ತಾನೇ ಮುಗಿಯೋದು, ಈಗ್ಯಾಕೆ ಅವಸರ?" ಅಂತ ಗೊಣಗಿದರು. ವಿಷಯ ಹೇಳಿದ ಮೇಲೆ ಅದೇ ಮಧ್ಯಾಹ್ನ ಟೈಪಿಂಗ್ ಸೆಂಟರಿಗೆ, ಅಂದರೆ ಸರ್ಕಾರಿ ಅರ್ಜಿ ತುಂಬಿಕೊಡುವ ಅಂಗಡಿಗೆ ಕಳಿಸಿದರು. ಮೆಡಿಕಲ್ ಆಯ್ತು, ರಕ್ತ ಕೊಟ್ಟೆ, ಎಕ್ಸ್‌ರೇ ಆಯ್ತು. ನನ್ನದು ಮುಗಿದ ಮೇಲೇ ಹೆಂಡತಿ, ಮಗಳದ್ದು. ಅವರಿಬ್ಬರ ವೀಸಾ ನನ್ನ ಸ್ಪಾನ್ಸರ್‌ಶಿಪ್ಪಿನಲ್ಲಿ ಇದೆ. ಹೆಂಡತಿಗೂ ಮೆಡಿಕಲ್, ಮನೆಯ ಎಜಾರಿ (ನೋಂದಾಯಿಸಿದ ಬಾಡಿಗೆ ಕರಾರು) ಪ್ರತಿ, ಮತ್ತೆ ಟೈಪಿಂಗ್ ಸೆಂಟರ್. ಮೂವರದ್ದೂ ಮುಗಿದಾಗ ಏಪ್ರಿಲ್ 24. ಹದಿನೇಳು ದಿನ ಹೋಯ್ತು, ವೀಸಾ ಅರ್ಜಿಯ ಒಂದು ಪುಟವನ್ನೂ ಇನ್ನೂ ತುಂಬಿರಲಿಲ್ಲ.

ಇದರ ಜೊತೆಗೆ ಒಂದು ಸಣ್ಣ ವಿಷಯ. 2022ರ ಏಪ್ರಿಲ್‌ನಿಂದ ಇಲ್ಲಿ ಪಾಸ್‌ಪೋರ್ಟಿಗೆ ರೆಸಿಡೆನ್ಸ್ ಸ್ಟಿಕರ್ ಅಂಟಿಸುವುದನ್ನು ನಿಲ್ಲಿಸಿದ್ದಾರೆ. ಹಾಗಾಗಿ ಎಮಿರೇಟ್ಸ್ ಐಡಿಯ ಎರಡೂ ಬದಿಯ ಪ್ರತಿಯ ಜೊತೆ ಆನ್‌ಲೈನಿನಿಂದ ರೆಸಿಡೆನ್ಸಿಯ ಪ್ರಿಂಟ್ ತೆಗೆದು ಇಟ್ಟುಕೊಂಡೆ. ಕೌಂಟರಿನಲ್ಲಿ ಅದನ್ನು ಕೇಳಿಯೇ ಕೇಳಿದರು.

ಈಗ ದೇಶದ ಪ್ರಶ್ನೆ. ಹಿಮ ಇರೋ ಬೆಟ್ಟ ಅಂದರೆ ಹೆಂಡತಿಯ ಮನಸ್ಸಿನಲ್ಲಿ ಇದ್ದದ್ದು ಸ್ವಿಟ್ಜರ್ಲೆಂಡ್. ಅದರ ಅಪಾಯಿಂಟ್‌ಮೆಂಟ್ ತೆರೆದು ನೋಡಿದರೆ ಮೇ ತಿಂಗಳು ಪೂರ್ತಿ ಬೂದು ಬಣ್ಣ. ಒಂದು ದಿನವೂ ಖಾಲಿ ಇಲ್ಲ. ಪರಿಚಯದ ಒಬ್ಬರು ಉಪಾಯ ಹೇಳಿದರು: "ಯಾವ ದೇಶದ್ದು ಬೇಗ ಸಿಗುತ್ತೋ ಅದರ ವೀಸಾ ತಗೊ. ಒಳಗೆ ಹೋದ ಮೇಲೆ ಸ್ವಿಸ್‌ಗೆ ಹೋಗು. ಯಾರು ಕೇಳ್ತಾರೆ?" ಷೆಂಗೆನ್‌ನ 29 ದೇಶಗಳಿಗೂ ಒಂದೇ ವೀಸಾ, ಅದು ನಿಜ. ಆದರೆ ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ದಿನಗಳು ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಸುಳ್ಳು ಹೋಟೆಲ್ ಬುಕಿಂಗ್ ತೋರಿಸಿ, ಗಡಿಯಲ್ಲಿ ಏಳು ವರ್ಷದ ಮಗಳ ಎದುರು ಪೊಲೀಸರಿಗೆ ಉತ್ತರ ಕೊಡುವ ಧೈರ್ಯ ನನಗಿಲ್ಲ. ನನ್ನದು ಲೆಕ್ಕಪತ್ರದ ಕೆಲಸ. ಪುಸ್ತಕದಲ್ಲಿ ಒಂದು, ಕಪಾಟಿನಲ್ಲಿ ಇನ್ನೊಂದು ಇದ್ದರೆ ನಿದ್ದೆ ಬರಲ್ಲ.

ಹಾಗಾಗಿ ವೀಸಾ ಬದಲಿಸುವ ಬದಲು ಪ್ರವಾಸವನ್ನೇ ಬದಲಿಸಿದೆವು. ಆಸ್ಟ್ರಿಯಾದಲ್ಲೂ ಆಲ್ಪ್ಸ್ ಇದೆಯಲ್ಲ! ವಿಯೆನ್ನಾ, ಸಾಲ್ಸ್‌ಬರ್ಗ್, ಇನ್ಸ್‌ಬ್ರುಕ್. ಒಂದು ಊರಿನಿಂದ ಇನ್ನೊಂದಕ್ಕೆ ರೈಲು. ಇನ್ಸ್‌ಬ್ರುಕ್ ಊರಿನ ಬೀದಿಯಲ್ಲಿ ನಿಂತರೆ ಮನೆಗಳ ಮೇಲೆಯೇ ಬೆಟ್ಟ ಕಾಣುವ ಫೋಟೋ ತೋರಿಸಿದೆ. ಹೆಂಡತಿ ಎರಡು ದಿನ ಯೋಚಿಸಿ ಒಪ್ಪಿದಳು.

ಆಸ್ಟ್ರಿಯಾಕ್ಕೂ ದಿನಗಳು ಧಾರಾಳವಾಗಿ ಇರಲಿಲ್ಲ. ಒಬ್ಬ ಏಜೆಂಟ್ ತಲೆಗೆ ಆರುನೂರು ದಿರ್ಹಮ್ ಕೊಟ್ಟರೆ "ಒಳಗಿನಿಂದ" ಅಪಾಯಿಂಟ್‌ಮೆಂಟ್ ಕೊಡಿಸುತ್ತೇನೆ ಅಂದ. ಅವನ ಹತ್ತಿರ ಯಾವ ಒಳಗೂ ಇಲ್ಲ. ನಾನು ನೋಡುವ ಅದೇ ಪುಟವನ್ನು ಅವನೂ ನೋಡುತ್ತಾನೆ, ಆದರೆ ದಿನಕ್ಕೆ ನೂರು ಸಲ. ನಾನೂ ಅದನ್ನೇ ಮಾಡಿದೆ. ಬೆಳಿಗ್ಗೆ ಚಹಾ ಕುದಿಯುವಾಗ ಒಮ್ಮೆ, ಆಫೀಸಿಗೆ ಹೋಗುವ ಮೆಟ್ರೋದಲ್ಲಿ ಒಮ್ಮೆ, ಮಧ್ಯಾಹ್ನ, ಮಲಗುವ ಮೊದಲು. ಯಾರೋ ರದ್ದು ಮಾಡಿದರೆ ಆ ಜಾಗ ಮತ್ತೆ ತೆರೆದುಕೊಳ್ಳುತ್ತದೆ. ಮೂವರಿಗೆ ಒಟ್ಟಿಗೆ ಬೇಕು ಅನ್ನುವುದೇ ಕಷ್ಟ. ಒಂದು ಜಾಗ ಕಾಣುತ್ತಿತ್ತು, ಮೂರು ಕಾಣುತ್ತಿರಲಿಲ್ಲ. ಎಂಟನೇ ದಿನ, ಮೇ 2ರ ಬೆಳಿಗ್ಗೆ, ಮೇ 6ಕ್ಕೆ ಮೂರು ಜಾಗ ಕಂಡವು. ಪಾಸ್‌ಪೋರ್ಟ್ ನಂಬರುಗಳನ್ನು ಫೋನಿನಲ್ಲಿ ಮೊದಲೇ ಬರೆದಿಟ್ಟಿದ್ದೆ. ಇಲ್ಲದಿದ್ದರೆ ಟೈಪ್ ಮಾಡುವಷ್ಟರಲ್ಲಿ ಹೋಗಿಬಿಡುತ್ತಿತ್ತು.

ನಾಲ್ಕೇ ದಿನ ಇದ್ದರೂ ಗಾಬರಿ ಆಗಲಿಲ್ಲ, ಯಾಕೆಂದರೆ ಕಾಯುತ್ತಿದ್ದ ಆ ಎಂಟು ದಿನದಲ್ಲಿ ಫೈಲ್ ತಯಾರಾಗಿತ್ತು. ಕಂಪನಿಯ ಎನ್‌ಒಸಿ, ಅಂದರೆ ಹೋಗಲು ಆಕ್ಷೇಪ ಇಲ್ಲ ಅನ್ನುವ ಪತ್ರ: ಎಷ್ಟು ವರ್ಷದಿಂದ ಕೆಲಸ, ಸಂಬಳ ಎಷ್ಟು, ಯಾವ ದಿನದಿಂದ ಯಾವ ದಿನದವರೆಗೆ ರಜೆ, ಮತ್ತೆ ಕೆಲಸಕ್ಕೆ ಹಾಜರಾಗುವ ದಿನ. ಆ ಕೊನೆಯ ಸಾಲು ಮುಖ್ಯ. ನಮ್ಮ ಎಚ್‌ಆರ್‌ನ ಸಿದ್ಧ ನಮೂನೆಯಲ್ಲಿ ಅದು ಇರಲಿಲ್ಲ, ಹೇಳಿ ಸೇರಿಸಿಸಿದೆ. ಮಗಳ ಶಾಲೆಯಿಂದ ಒಂದು ಪತ್ರ. ಮದುವೆ ಸರ್ಟಿಫಿಕೇಟ್, ಮಗಳ ಜನನ ಪತ್ರ. ವಿಮೆ ಕನಿಷ್ಠ 30,000 ಯೂರೋದ್ದು, ಎಲ್ಲ ಷೆಂಗೆನ್ ದೇಶಗಳಿಗೂ ಅನ್ವಯ ಆಗುವಂಥದ್ದು. ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಹೋಟೆಲ್ ಬುಕಿಂಗ್. ವೀಸಾಕ್ಕೆ ಮೊದಲು ವಿಮಾನ ಟಿಕೆಟ್‌ಗೆ ಪೂರ್ತಿ ದುಡ್ಡು ಕಟ್ಟಬೇಡಿ, ರಿಸರ್ವೇಷನ್ ಇದ್ದರೆ ಸಾಕು. ಮತ್ತೆ ಒಂದು ಪುಟದ ಪತ್ರ, ಯಾವ ದಿನ ಯಾವ ಊರು ಅಂತ. ಇದನ್ನು ಯಾರದೋ ಮಾದರಿಯಿಂದ ನಕಲು ಮಾಡದೆ ನನ್ನ ಹರಕು ಮುರುಕು ಇಂಗ್ಲಿಷಿನಲ್ಲೇ ಬರೆದೆ.

ಬ್ಯಾಂಕ್ ಸ್ಟೇಟ್‌ಮೆಂಟ್ ಮೂರು ತಿಂಗಳದ್ದು. ಆ್ಯಪ್‌ನಿಂದ ತೆಗೆದದ್ದಕ್ಕೆ ಸೀಲ್ ಇರಲಿಲ್ಲ. ಬ್ರಾಂಚಿಗೆ ಹೋಗಿ, ಟೋಕನ್ ತೆಗೆದು, ಒಂದೂವರೆ ಗಂಟೆ ಕೂತು ಸೀಲ್ ಹಾಕಿಸಿಕೊಂಡೆ. ಅದಕ್ಕೂ ದುಡ್ಡು. ಒಬ್ಬ ಗೆಳೆಯ ಪ್ರೀತಿಯಿಂದ "ಎರಡು ದಿನಕ್ಕೆ ಹದಿನೈದು ಸಾವಿರ ನಿನ್ನ ಅಕೌಂಟಿಗೆ ಹಾಕ್ತೀನಿ, ಬ್ಯಾಲೆನ್ಸ್ ಚೆನ್ನಾಗಿ ಕಾಣುತ್ತೆ" ಅಂದ. ಬೇಡ ಅಂದೆ. ತಿಂಗಳು ತಿಂಗಳು ಸಂಬಳ ಬರುವುದು, ಬಾಡಿಗೆ, ಕರೆಂಟು, ಊರಿಗೆ ಕಳಿಸುವುದು ಎಲ್ಲ ಕಾಣುವ ಖಾತೆಯಲ್ಲಿ ಕೊನೆಯ ವಾರ ದಿಢೀರನೆ ದುಡ್ಡು ಬಂದು ಕೂತರೆ, ಲೆಕ್ಕ ನೋಡುವ ಯಾರಿಗಾದರೂ ಮೊದಲು ಕಣ್ಣಿಗೆ ಬೀಳುವುದು ಅದೇ. ನನಗಂತೂ ಬೀಳುತ್ತದೆ.

ಇಷ್ಟೆಲ್ಲ ಮಾಡಿಯೂ ಎಡವಿದ್ದು ಹೆಸರಿನಲ್ಲಿ.

ನಮ್ಮ ಕಡೆಯ ಎಷ್ಟೋ ಜನರ ಹಾಗೆ ನನ್ನ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅನ್ನುವ ಜಾಗ ಖಾಲಿ. ಒಂದೇ ಹೆಸರು. ಇನಿಷಿಯಲ್ಲು, ಮನೆಹೆಸರು, ಅಪ್ಪನ ಹೆಸರು ಇವನ್ನೆಲ್ಲ ಎಲ್ಲಿ ಬರೆಯಬೇಕು ಅಂತ ಗೊತ್ತಿಲ್ಲದೆ ನಮ್ಮ ಹಿರಿಯರು ಬಿಟ್ಟುಬಿಟ್ಟದ್ದು, ನಾವು ವಿದೇಶದ ಪ್ರತಿ ಕೌಂಟರಿನಲ್ಲಿ ಅದಕ್ಕೆ ಉತ್ತರ ಕೊಡುತ್ತಿರುತ್ತೇವೆ. ಷೆಂಗೆನ್ ಅರ್ಜಿಯಲ್ಲಿ ಸರ್‌ನೇಮ್ ಜಾಗವನ್ನು ಖಾಲಿ ಬಿಡುವ ಹಾಗಿರಲಿಲ್ಲ. ಅಲ್ಲಿ ಅವಳ ಒಂದೇ ಹೆಸರನ್ನು ತುಂಬಿದ್ದೆ. ವಿಮಾನದ ರಿಸರ್ವೇಷನ್‌ನಲ್ಲಿ ಅದೇ ಹೆಸರು ಎರಡು ಸಲ ಬಂದಿತ್ತು. ವಿಮೆ ಕಂಪನಿಯವರು ಮಾತ್ರ ತಾವೇ ಜಾಣತನ ಮಾಡಿ ಅವಳ ಹೆಸರಿನ ಮುಂದೆ ನನ್ನ ಮನೆಹೆಸರು ಸೇರಿಸಿದ್ದರು. ನಾನು ಮೊತ್ತ ನೋಡಿದೆ, ದಿನಾಂಕ ನೋಡಿದೆ, ಹೆಸರು ನೋಡಲಿಲ್ಲ.

ಮೇ 6, ವಾಫಿ ಮಾಲ್‌ನ ವೀಸಾ ಕೇಂದ್ರ. ಕೌಂಟರಿನ ಹುಡುಗಿ ಪಾಸ್‌ಪೋರ್ಟ್, ವಿಮೆ ಎರಡನ್ನೂ ಅಕ್ಕಪಕ್ಕ ಇಟ್ಟು, "ಇವರು ಬೇರೆಯವರಾ?" ಅಂದಳು. ಹೆಂಡತಿ ನನ್ನ ಮುಖ ನೋಡಿದಳು. ಆ ನೋಟವನ್ನು ಮದುವೆಯಾದವರಿಗೆ ವಿವರಿಸಬೇಕಿಲ್ಲ. ಹೊರಗೆ ಬಂದು ವಿಮೆಯವರಿಗೆ ಫೋನ್ ಮಾಡಿದೆ. ಎರಡು ಸಲ ಹೋಲ್ಡ್, ಮೂರನೇ ಸಲ ಒಬ್ಬ ಪುಣ್ಯಾತ್ಮ ಸಿಕ್ಕಿ ನಲವತ್ತು ನಿಮಿಷದಲ್ಲಿ ಸರಿ ಮಾಡಿದ ಪಾಲಿಸಿ ಕಳಿಸಿದ. ಅಲ್ಲೇ ಪ್ರಿಂಟ್ ತೆಗೆಸಿದೆ. ಅಂದು ಅದು ಆಗದಿದ್ದರೆ ಮತ್ತೆ ಬೂದು ಬಣ್ಣದ ಕ್ಯಾಲೆಂಡರಿನ ಎದುರು ಕೂರಬೇಕಿತ್ತು.

ಉಳಿದದ್ದು ಸಲೀಸು. ನನ್ನ ಬೆರಳಚ್ಚು 2022ರಲ್ಲಿ ಕಂಪನಿ ಕೆಲಸಕ್ಕೆ ಫ್ರಾಂಕ್‌ಫರ್ಟ್‌ಗೆ ಹೋದಾಗ ಕೊಟ್ಟದ್ದು ಇತ್ತು. 59 ತಿಂಗಳು ಅದನ್ನೇ ಬಳಸುತ್ತಾರೆ. ಹೆಂಡತಿ ಹೊಸದಾಗಿ ಕೊಟ್ಟಳು. ಮಗಳಿಗೆ ಬೇಕಿಲ್ಲ, 12 ವರ್ಷದೊಳಗಿನವರಿಗೆ ಬೆರಳಚ್ಚು ಇಲ್ಲ. ತಾನೂ ಆ ಹಸಿರು ಬೆಳಕಿನ ಮೇಲೆ ಬೆರಳು ಇಡಬೇಕು ಅಂತ ಅವಳದ್ದು ಸಣ್ಣ ಗಲಾಟೆ. ಶುಲ್ಕ ದೊಡ್ಡವರಿಗೆ 90 ಯೂರೋ, ಅವಳ ವಯಸ್ಸಿನವರಿಗೆ 45. 2024ರ ಜೂನ್‌ಗೆ ಮೊದಲು ದೊಡ್ಡವರಿಗೆ 80 ಇತ್ತು. ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರೀಮಿಯಂ ಲಾಂಜ್ ಬೇಕಾ ಅಂತ ಕೇಳಿದರು. ಅಲ್ಲಿ ಸೋಫಾ ಮತ್ತು ಕಾಫಿ ಸಿಗುತ್ತದೆ, ವೀಸಾ ಬೇಗ ಸಿಗುವುದಿಲ್ಲ. ತೀರ್ಮಾನ ಮಾಡುವವರು ಅಬುಧಾಬಿಯ ದೂತಾವಾಸದಲ್ಲಿ ಇದ್ದಾರೆ. ನಾವು ಯಾವ ಕುರ್ಚಿಯಲ್ಲಿ ಕೂತಿದ್ದೆವು ಅಂತ ಅವರಿಗೆ ಗೊತ್ತಿರುವುದಿಲ್ಲ.

ಪಾಸ್‌ಪೋರ್ಟ್ ಕೊಟ್ಟು ಬಂದ ನಾಲ್ಕನೇ ದಿನ ರಾತ್ರಿ ತಮ್ಮನ ಫೋನ್. "ಅಣ್ಣ, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀವಿ." ದುಬೈಯಿಂದ ಮಂಗಳೂರಿಗೆ ಮೂರೂವರೆ ಗಂಟೆ. ಬೇರೆ ದಿನ ಆಗಿದ್ದರೆ ಅಷ್ಟು ಹೊತ್ತಿಗೆ ಟಿಕೆಟ್ ನೋಡುತ್ತಿದ್ದೆ. ಆದರೆ ಪಾಸ್‌ಪೋರ್ಟ್ ಅಬುಧಾಬಿಯಲ್ಲಿ, ಅದೂ ಶನಿವಾರ. ಅರ್ಜಿ ಹಿಂದಕ್ಕೆ ಪಡೆದರೆ ಪಾಸ್‌ಪೋರ್ಟ್ ಕೊಡುತ್ತಾರೆ, ಶುಲ್ಕ ಹೋಗುತ್ತದೆ, ಅದು ಹೋಗಲಿ. ಆದರೆ ಸೋಮವಾರದವರೆಗೆ ಯಾರನ್ನು ಕೇಳುವುದು? ರಾತ್ರಿ ಎರಡರವರೆಗೆ ಇಬ್ಬರೂ ಫೋನ್ ಹಿಡಿದು ಕೂತಿದ್ದೆವು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಮರುದಿನ ಅಮ್ಮನೇ ಮಾತಾಡಿ "ನೀವು ಹೋಗುವಲ್ಲಿಗೆ ಹೋಗಿ ಬನ್ನಿ ಮಾರಾಯ" ಅಂದರು. ವಯಸ್ಸಾದವರು ಊರಲ್ಲಿ ಇದ್ದರೆ ಪಾಸ್‌ಪೋರ್ಟ್ ಕೈಬಿಡುವ ವಾರವನ್ನು ಯೋಚಿಸಿ ಆರಿಸಿಕೊಳ್ಳಿ. ಈ ವಿಷಯ ಯಾವ ಫಾರಂನಲ್ಲೂ ಇರುವುದಿಲ್ಲ.

ವೀಸಾ ಬರದಿದ್ದರೆ ಏನು ಅನ್ನುವುದಕ್ಕೆ ನಮ್ಮ ಹತ್ತಿರ ಇನ್ನೊಂದು ದಾರಿ ಇತ್ತು: ಜಾರ್ಜಿಯಾ. 2023ರಲ್ಲಿ ಎಮಿರೇಟ್ಸ್ ಐಡಿ ತೋರಿಸಿ, ವೀಸಾ ಇಲ್ಲದೆಯೇ ಟಿಬಿಲಿಸಿಗೆ ಹೋಗಿ ಬಂದಿದ್ದೆವು. ಗಲ್ಫ್ ದೇಶಗಳ ರೆಸಿಡೆನ್ಸ್ ಇರುವ ಭಾರತೀಯರಿಗೆ ಆ ಅನುಕೂಲ ಇತ್ತು. ಷರತ್ತುಗಳು ಆಗಾಗ ಬದಲಾಗುತ್ತವೆ, ಟಿಕೆಟ್ ತೆಗೆಯುವ ಮೊದಲು ನೋಡಿಕೊಳ್ಳಿ. ಅಲ್ಲೂ ಹಿಮದ ಬೆಟ್ಟ ಇದೆ ಅಂತ ಹೇಳಿದರೆ ಹೆಂಡತಿ "ಅದನ್ನ ನೋಡಿ ಆಯ್ತಲ್ಲ" ಅಂದಳು.

ಮೇ 16, ಶುಕ್ರವಾರ, ಮೆಸೇಜ್ ಬಂತು. ಕೊಟ್ಟು ಹತ್ತು ದಿನ, ಕೆಲಸದ ದಿನ ಲೆಕ್ಕ ಹಾಕಿದರೆ ಎಂಟು. ಪಾಸ್ ಆಯ್ತಾ ಇಲ್ಲವಾ ಅಂತ ಮೆಸೇಜಿನಲ್ಲಿ ಹೇಳುವುದಿಲ್ಲ, ಬಂದು ಕವರ್ ತಗೊಳ್ಳಿ ಅಂತ ಅಷ್ಟೇ. ಕವರ್ ಅನ್ನು ಅಲ್ಲೇ ಹರಿದೆ. ಮೂರರಲ್ಲೂ ಸ್ಟಿಕರ್ ಇತ್ತು. ಖುಷಿಪಡುವ ಮೊದಲು ಸ್ಟಿಕರ್ ಓದಿದೆ: ಹೆಸರು, ಪಾಸ್‌ಪೋರ್ಟ್ ನಂಬರ್, ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ದಿನ ಇರಬಹುದು, ಎಷ್ಟು ಸಲ ಒಳಗೆ ಹೋಗಬಹುದು. ಈ ಸಲ ಹೆಸರನ್ನು ಮೊದಲು ನೋಡಿದೆ. ವಿಮಾನ ಟಿಕೆಟ್‌ಗೆ ದುಡ್ಡು ಕಟ್ಟಿದ್ದು ಅದೇ ಸಂಜೆ. ಏಪ್ರಿಲ್‌ನಲ್ಲಿ ನೋಡಿದ್ದಕ್ಕಿಂತ ಜಾಸ್ತಿ ಆಗಿತ್ತು, ಅದು ಬೇರೆ ವಿಷಯ.

ಫೈಲನ್ನು ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಉಡುಪಿಯವರು ಮಾದರಿಗೆ ಅಂತ ತೆಗೆದುಕೊಂಡು ಹೋದರು. ಅವರು ಹೋಗಿ ಬಂದದ್ದೂ ಆಯ್ತು. ಫೈಲ್ ಈಗ ಐದನೇ ಮಹಡಿಯಲ್ಲಿ ಇದೆಯಂತೆ.