ಮತ್ತೆ ಓದಿಸುವ ಬದಲು ನೆನಪಿನಿಂದ ಬರೆಸಿ

ಇಂಗ್ಲಿಷ್ ಕಲಿಸುವವರಿಗೊಂದು ಸಲಹೆ. ಪದಗಳನ್ನು ಹತ್ತು ಸಲ ಓದಿಸಿದರೆ ಮಕ್ಕಳಿಗೆ ಬಂದಂತೆ ಕಾಣುತ್ತದೆ, ವಾರದಲ್ಲಿ ಮರೆತುಹೋಗುತ್ತದೆ. ಗದ್ಯಭಾಗಗಳ ಮೇಲೆ ಮನೋವಿಜ್ಞಾನಿಗಳಾದ ರೋಡಿಗರ್, ಕಾರ್ಪಿಕಿ 2006ರಲ್ಲಿ ತೋರಿಸಿದ್ದೂ ಇದೇ: 5 ನಿಮಿಷದ ನಂತರ ಮರುಓದಿದವರು ಮುಂದು, ವಾರದ ನಂತರ ನೆನಪಿಸಿಕೊಂಡು ಬರೆದವರು ಮುಂದು.

ಪಾಠಕ್ಕೆ 8 ಪದ ಸಾಕು. ಮರುದಿನ, 3ನೇ ದಿನ, 7ನೇ ದಿನ ಪುಸ್ತಕ ಮುಚ್ಚಿಸಿ, ಕನ್ನಡ ಅರ್ಥ ಹೇಳಿ ಇಂಗ್ಲಿಷ್ ಪದ ಬರೆಸಿ. ಅಂಕ ಮಾತ್ರ ಬೇಡ, ಹೆದರಿದ ಮಗು ಪಕ್ಕದವರದ್ದು ನೋಡಿ ಬರೆಯುತ್ತದೆ. ಸರಿಯುತ್ತರವನ್ನು ಕೂಡಲೇ ಬೋರ್ಡಿನ ಮೇಲೆ ಬರೆಯಿರಿ, ಇಲ್ಲವಾದರೆ ತಪ್ಪೇ ಗಟ್ಟಿಯಾದೀತು.

'ಬಾರೊ' (borrow, ಸಾಲ ತಗೊಳ್ಳುವುದು), 'ಲೆಂಡ್' (lend, ಸಾಲ ಕೊಡುವುದು) ಎರಡನ್ನೂ ಒಂದೇ ದಿನ ಕಲಿಸಬೇಡಿ. ಕನ್ನಡದಲ್ಲಿ ಕೊಟ್ಟರೂ ಸಾಲ, ತಗೊಂಡರೂ ಸಾಲ, ಎರಡೂ ಕಲಸಿಹೋಗುತ್ತವೆ. 'ಲೆಂಡ್ ಮಿ ಯುವರ್ ಪೆನ್' ಬಾಯಲ್ಲಿ ನಿಂತ ಮೇಲೆ, ವಾರ ಬಿಟ್ಟು 'ಬಾರೊ' ತನ್ನಿ.