ಕಾರುಗಳ ಬೇಡಿಕೆಯನ್ನು ನಾನು ಅಳೆದ ಬಗೆ

ಬೆಲೆ, ಗುಣಗಳು ಬದಲಾದರೆ ಜನ ಏನನ್ನು ಎಷ್ಟು ಕೊಳ್ಳುತ್ತಾರೆ ಎಂದು ಲೆಕ್ಕಹಾಕುವ ಬೇಡಿಕೆಯ ಮಾದರಿ ಕಟ್ಟುವುದನ್ನು ನಾನು ಕಲಿತದ್ದು ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಬೆರಿ, ಜೇಮ್ಸ್ ಲೆವಿನ್‌ಸೋನ್ ಮತ್ತು ಏರಿಯಲ್ ಪೇಕ್ಸ್ ಅವರು 1995ರಲ್ಲಿ ಪ್ರಕಟಿಸಿದ ಅಧ್ಯಯನದ ದತ್ತಾಂಶದಿಂದ. ಅಮೆರಿಕದಲ್ಲಿ 1971ರಿಂದ 1990ರವರೆಗೆ ಮಾರಾಟವಾದ ಕಾರುಗಳ ಬೆಲೆ, ಮಾರುಕಟ್ಟೆ ಪಾಲು, ಗಾತ್ರ, ತೂಕಕ್ಕೆ ತಕ್ಕ ಅಶ್ವಶಕ್ತಿ ಮುಂತಾದ ವಿವರಗಳು ಅದರ 2,217 ಸಾಲುಗಳಲ್ಲಿವೆ. ಪೈಬಿಎಲ್‌ಪಿ ಎಂಬ ಉಚಿತ ತಂತ್ರಾಂಶದ ಜೊತೆಗೇ ಇದು ಸಿಗುತ್ತದೆ.

ಮೊದಲು, ಹಲವು ಆಯ್ಕೆಗಳಲ್ಲಿ ಪ್ರತಿಯೊಂದನ್ನೂ ಜನ ಆರಿಸುವ ಸಾಧ್ಯತೆಯನ್ನು ಲೆಕ್ಕಹಾಕುವ ಸರಳ ಲಾಜಿಟ್ ಮಾದರಿಯನ್ನು ತೆಗೆದುಕೊಂಡೆ. ಪ್ರತಿ ಕಾರಿನ ಪಾಲಿನ ಲಾಗ್‌ನಿಂದ (ಲಾಗರಿದಮ್), ಹೊಸ ಕಾರನ್ನೇ ಕೊಳ್ಳದ ಕುಟುಂಬಗಳ ಪಾಲಿನ ಲಾಗ್ ಕಳೆದು, ಆ ವ್ಯತ್ಯಾಸವನ್ನು ಬೆಲೆ ಮತ್ತು ಗುಣಲಕ್ಷಣಗಳಿಗೆ ರಿಗ್ರೆಷನ್ (ಒಂದು ಅಂಶ ಉಳಿದವುಗಳೊಂದಿಗೆ ಎಷ್ಟು ಬದಲಾಗುತ್ತದೆಂದು ಅಳೆಯುವ ವಿಧಾನ) ಮೂಲಕ ಹೊಂದಿಸುವುದು ಇಲ್ಲಿನ ಕ್ರಮ. ಹೀಗೆ ಅಂದಾಜಿಸಿದರೆ 1,494 ಕಾರುಗಳ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಶೇ. 1ರಷ್ಟು ಏರಿದರೆ ಮಾರಾಟ ಶೇಕಡಾ ಎಷ್ಟು ಇಳಿಯುತ್ತದೆ ಎಂಬ ಅಳತೆ, ಒಂದಕ್ಕಿಂತ ಕಡಿಮೆ ಬರುತ್ತದೆ. ಎಂದರೆ ಬೆಲೆ ಏರಿಸಿದಷ್ಟೂ ಕಂಪನಿಯ ಆದಾಯ ಹೆಚ್ಚುತ್ತದೆ. ಲಾಭಕ್ಕಾಗಿ ವ್ಯಾಪಾರ ಮಾಡುವ ಯಾವ ಕಂಪನಿಯೂ ಅಂಥ ಬೆಲೆಯಲ್ಲಿ ನಿಲ್ಲುವುದಿಲ್ಲ. ವಿನ್ಯಾಸ, ಹೆಸರು, ಬಾಳಿಕೆಯಂಥ ನಮ್ಮ ಕೋಷ್ಟಕದಲ್ಲಿಲ್ಲದ ಗುಣಗಳು ಗ್ರಾಹಕನಿಗೂ ತಯಾರಕನಿಗೂ ಗೊತ್ತಿರುತ್ತವೆ. ಒಳ್ಳೆಯ ಕಾರಿಗೆ ಬೆಲೆಯೂ ಹೆಚ್ಚು, ಬೇಡಿಕೆಯೂ ಹೆಚ್ಚು ಇರುವುದರಿಂದ, ಬೆಲೆಯ ಪರಿಣಾಮ ನಿಜವಾಗಿ ಇರುವುದಕ್ಕಿಂತ ದುರ್ಬಲವಾಗಿ ಕಾಣುತ್ತದೆ.

ಆದ್ದರಿಂದ ಬೆಲೆಯನ್ನು ಅಲುಗಿಸುವ, ಆದರೆ ಆ ಕಾಣದ ಗುಣಕ್ಕೆ ಸಂಬಂಧವಿಲ್ಲದ ನೆರವಿನ ಅಂಶಗಳು, ಅಂದರೆ ಇನ್‌ಸ್ಟ್ರುಮೆಂಟ್‌ಗಳು ಬೇಕು. ಅದೇ ಕಂಪನಿಯ ಇತರ ಕಾರುಗಳ ಗುಣಲಕ್ಷಣಗಳ ಮೊತ್ತವನ್ನೂ ಪ್ರತಿಸ್ಪರ್ಧಿಗಳ ಕಾರುಗಳ ಗುಣಲಕ್ಷಣಗಳ ಮೊತ್ತವನ್ನೂ ಬಳಸಿದೆ. ಸುತ್ತಮುತ್ತ ಹೋಲುವ ಕಾರುಗಳು ಹೆಚ್ಚಿದ್ದರೆ ಲಾಭಾಂಶ ತಗ್ಗುತ್ತದೆ ಎಂಬುದೇ ಇದರ ಹಿಂದಿನ ತರ್ಕ. ಆಗ ಆ 1,494 ಎಂಬ ಸಂಖ್ಯೆ 22ಕ್ಕೆ ಇಳಿಯುತ್ತದೆ. ಕಲಿಯುವವರು ಬಹುಮಟ್ಟಿಗೆ ಈ ಹಂತವನ್ನು ಅವಸರದಲ್ಲಿ ದಾಟುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಗಟ್ಟಿತನ ನಿಂತಿರುವುದೇ ಇಲ್ಲಿ.

ಇಷ್ಟಾದರೂ ಲಾಜಿಟ್‌ನ ಇನ್ನೊಂದು ದೋಷ ಉಳಿಯುತ್ತದೆ. ಒಂದು ಕಾರಿನ ಬೆಲೆ ಏರಿದಾಗ ಅದನ್ನು ಬಿಟ್ಟವರು ಉಳಿದ ಆಯ್ಕೆಗಳಿಗೆ ಅವುಗಳ ಪಾಲಿಗೆ ಅನುಗುಣವಾಗಿ ಹಂಚಿಹೋಗುತ್ತಾರೆಂದು ಅದು ಹೇಳುತ್ತದೆ. ಬಹುಪಾಲು ಕುಟುಂಬಗಳು ಆ ವರ್ಷ ಹೊಸ ಕಾರು ಕೊಳ್ಳದವೇ ಆದ್ದರಿಂದ, ಅಗ್ಗದ ಮಾಜ್ದಾ 323 ಆಗಲಿ, ದುಬಾರಿ ಬಿಎಂಡಬ್ಲ್ಯೂ 735ಐ ಆಗಲಿ, ಬಿಟ್ಟವರಲ್ಲಿ ಸುಮಾರು ಶೇ. 90ರಷ್ಟು ಜನ ಹೊಸ ಕಾರನ್ನೇ ಕೊಳ್ಳುವುದಿಲ್ಲ ಎಂಬ ನಂಬಲಾಗದ ಉತ್ತರ ಬರುತ್ತದೆ. ಆದಾಯವನ್ನೂ ಅಭಿರುಚಿಯನ್ನೂ ಕುಟುಂಬದಿಂದ ಕುಟುಂಬಕ್ಕೆ ಬದಲಾಗಲು ಬಿಟ್ಟರೆ, ಬೆರಿ, ಲೆವಿನ್‌ಸೋನ್, ಪೇಕ್ಸ್ ಅವರ ಅಂದಾಜಿನಲ್ಲಿ ಇದು ಮಾಜ್ದಾಗೆ ಸುಮಾರು ಶೇ. 27, ಬಿಎಂಡಬ್ಲ್ಯೂಗೆ ಸುಮಾರು ಶೇ. 10 ಆಗುತ್ತದೆ.

ಪೈಪೋಟಿಯ ಲೆಕ್ಕ, ಒಂದು ಕಾರನ್ನು ಬಿಟ್ಟವರು ಎಲ್ಲಿಗೆ ಹೋಗುತ್ತಾರೆ ಎಂಬುದರ ಮೇಲೆಯೇ ನಿಂತಿದೆ. ಪ್ರತಿ ಕಂಪನಿಯೂ ಉಳಿದವರ ಬೆಲೆಯನ್ನು ಗಮನದಲ್ಲಿಟ್ಟು ತನ್ನ ಎಲ್ಲ ಕಾರುಗಳ ಒಟ್ಟು ಲಾಭ ಗರಿಷ್ಠವಾಗುವಂತೆ ಬೆಲೆ ಇಡುತ್ತದೆಂದು ಭಾವಿಸಿದರೆ, ಯಾವ ಲೆಕ್ಕಪುಸ್ತಕವನ್ನೂ ನೋಡದೆ ಸೀಮಾಂತ ವೆಚ್ಚವನ್ನು (ಇನ್ನೊಂದು ಕಾರು ತಯಾರಿಸಲು ತಗಲುವ ಹೆಚ್ಚುವರಿ ವೆಚ್ಚ) ಅಂದಾಜಿಸಬಹುದು. ಎರಡು ಕಂಪನಿಗಳ ವಿಲೀನವನ್ನು ಪರೀಕ್ಷಿಸುವಾಗ ನಾನು ಯಾವ ಕಾರು ಯಾರದ್ದೆಂಬ ಕೋಷ್ಟಕವನ್ನಷ್ಟೇ ಬದಲಿಸಿ ಹೊಸ ಬೆಲೆಗಳನ್ನು ಕಂಡುಕೊಳ್ಳುತ್ತೇನೆ. ವೆಚ್ಚ ಬದಲಾಗದು ಎಂಬ ಊಹೆ ಅದರಲ್ಲಿ ಅಡಗಿರುವುದರಿಂದ, ವೆಚ್ಚ ಎಷ್ಟು ಇಳಿದರೆ ಬೆಲೆ ಏರದೆ ಉಳಿಯುತ್ತದೆ ಎಂಬುದನ್ನೂ ಫಲಿತಾಂಶದ ಪಕ್ಕದಲ್ಲೇ ಬರೆದಿಡುತ್ತೇನೆ.